ಒಳಗಿರುವ ‘ಅವಳ’ನ್ನು ಓಡಿಸಬೇಡಿ, ಮಾತಾಡಿಸಿ

‘ಆಪ್ತಮಿತ್ರ’ ಸಿನಿಮಾ ನೋಡದ ಗೃಹಿಣಿಯರು ನಮ್ಮಲ್ಲಿ ಎಷ್ಟು ಜನ ಸಿಗಬಹುದು? ಟಿವಿಯಲ್ಲಿ ಬಂದಾಗಲೆಲ್ಲ ಒಲೆ ಸಣ್ಣಗೆ ಮಾಡಿ ಬಂದು ಕೂರುವವರೇ ಜಾಸ್ತಿ. ಸಾಧು ಸ್ವಭಾವದ ಗಂಗಾ ಇದ್ದಕ್ಕಿದ್ದಂತೆ ಕಣ್ಣರಳಿಸಿ ನಾಗವಲ್ಲಿಯಾಗುವ ಆ ದೃಶ್ಯ ಬಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಂಗಾ ಪಾತ್ರ ಮಾಡಿದ ಸೌಂದರ್ಯ ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯ ಹೆಣ್ಣುಮಗಳು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಸಿನಿಮಾ ತೆರೆಗೆ ಬಂದಾಗ ಅದನ್ನು ನೋಡಲು ಅವರೇ ಇರಲಿಲ್ಲ. ಇದೇ ಕಥೆ 1993ರಲ್ಲಿ ಮಲಯಾಳದಲ್ಲಿ ‘ಮಣಿಚಿತ್ರತಾಳ್’ ಆಗಿತ್ತು. 2005ರಲ್ಲಿ ತಮಿಳಿನ ‘ಚಂದ್ರಮುಖಿ’ ಆಯಿತು. ನಮ್ಮ ಕೆ.ಜಿ.ಎಫ್.ನ ತಮಿಳು ಮನೆಗಳಲ್ಲಿ ನಾಗವಲ್ಲಿ ಅಂದರೆ ಗೊತ್ತಾಗದಿದ್ದರೂ ಚಂದ್ರಮುಖಿ ಅಂದರೆ ಮಕ್ಕಳಿಗೂ ಗೊತ್ತು!

ಆದರೆ ಒಂದು ಮಾತು ಯೋಚಿಸಿದ್ದೀರಾ? ಸಿನಿಮಾ ಮುಗಿದ ಮೇಲೆ ನಾವು ದೀಪ ಆರಿಸಿ ಮಲಗುತ್ತೇವೆ. ನಿಜವಾಗಿಯೂ ಇಂಥ ತೊಂದರೆ ಇರುವ ಹೆಣ್ಣುಮಗಳು ಮಾರನೇ ದಿನ ಎದ್ದು ಹಾಲು ಕಾಯಿಸಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಅತ್ತೆಗೆ ಮಾತ್ರೆ ಕೊಡಬೇಕು. ಅವಳು ಹೇಗೆ ಬದುಕುತ್ತಾಳೆ? ತನ್ನನ್ನು ತಾನು ಹೇಗೆ ಒಪ್ಪಿಕೊಳ್ಳುತ್ತಾಳೆ? ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಏನಿದು ಕಾಯಿಲೆ?

ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’, ಚಿಕ್ಕದಾಗಿ ಡಿಐಡಿ. ಮೊದಲು ‘ಮಲ್ಟಿಪಲ್ ಪರ್ಸನಾಲಿಟಿ’ ಅನ್ನುತ್ತಿದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯರು ಆ ಹೆಸರು ಬದಲಾಯಿಸಿದರು. ಕನ್ನಡದಲ್ಲಿ ‘ಬಹುವ್ಯಕ್ತಿತ್ವ’ ಎಂದು ಬರೆಯುವುದನ್ನು ನೀವು ನೋಡಿರಬಹುದು. ಹೆಸರು ಬದಲಾಗಲು ಕಾರಣವಿದೆ. ಒಂದು ದೇಹದಲ್ಲಿ ಹತ್ತು ಜನ ಬಂದು ಸೇರಿಕೊಂಡಿದ್ದಾರೆ ಎಂಬ ಭಾವನೆ ಸರಿಯಲ್ಲ. ಮನಸ್ಸು ಒಂದೇ. ಅದು ಒಂದಾಗಿ ಬೆಳೆಯಲು ಆಗದೆ ತುಂಡು ತುಂಡಾಗಿ ಉಳಿದುಕೊಂಡಿದೆ, ಅಷ್ಟೇ.

‘ಡಿಸೋಸಿಯೇಶನ್’ ಅಂದರೆ ಕಳಚಿಕೊಳ್ಳುವುದು. ಇದರ ಸಣ್ಣ ರೂಪ ನಮಗೆಲ್ಲ ಗೊತ್ತಿರುವುದೇ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಬಂಗಾರಪೇಟೆಯಲ್ಲಿ ಹತ್ತಿ ಕಿಟಕಿ ಪಕ್ಕ ಕೂತಿರುತ್ತೀರಿ. ಏನೋ ಯೋಚನೆ. ಟೇಕಲ್ ಯಾವಾಗ ಬಂತು, ಮಾಲೂರು ಯಾವಾಗ ಹೋಯಿತು, ಗೊತ್ತೇ ಆಗುವುದಿಲ್ಲ. ವೈಟ್‌ಫೀಲ್ಡ್‌ನಲ್ಲಿ ಯಾರೋ ತಳ್ಳಿದಾಗ ಎಚ್ಚರ! ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೌಟು ಹಿಡಿದು ನಿಲ್ಲುವುದೂ ಇದೇ ಜಾತಿಯದು. ಇದು ಕಾಯಿಲೆಯಲ್ಲ, ಎಲ್ಲರ ಮನಸ್ಸೂ ಹೀಗೆಯೇ.

ಡಿಐಡಿಯಲ್ಲಿ ಇದು ಬಹಳ ಆಳಕ್ಕೆ ಹೋಗಿರುತ್ತದೆ. ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ, ವಯಸ್ಸು ಮೂವತ್ತೈದು. ಬೀರು ತೆಗೆದರೆ ತಾನು ಕೊಂಡ ನೆನಪೇ ಇಲ್ಲದ ಕೆಂಪು ಸೀರೆ. ಹಾಲಿನ ಲೆಕ್ಕದ ಪುಸ್ತಕದಲ್ಲಿ ತನ್ನದಲ್ಲದಂಥ ಕೈಬರಹ. ‘ನಿನ್ನೆ ಅಷ್ಟು ಕೂಗಾಡಿದೆಯಲ್ಲ’ ಎಂದು ಗಂಡ ಅಂದರೆ ಅವಳಿಗೆ ನಿನ್ನೆ ಮಧ್ಯಾಹ್ನವೇ ನೆನಪಿಲ್ಲ. ಒಮ್ಮೊಮ್ಮೆ ಒಳಗೆ ಒಂದು ಪುಟ್ಟ ಹುಡುಗಿ ಅಳುವುದು ಕೇಳಿಸುತ್ತದೆ. ಇನ್ನೊಮ್ಮೆ ಯಾರೋ ಗಡುಸು ದನಿಯಲ್ಲಿ ‘ನಿನಗೆ ಏನೂ ಬರಲ್ಲ’ ಎಂದು ಬಯ್ಯುತ್ತಾರೆ. ಕನ್ನಡಿಯಲ್ಲಿ ಕಾಣುವ ಮುಖ ಬೇರೆ ಯಾರದೋ ಅನ್ನಿಸುತ್ತದೆ.

ಸಿನಿಮಾದಲ್ಲಿ ಕಂಡ ಹಾಗೆ ಮೈತುಂಬ ಒಡವೆ ಹಾಕಿಕೊಂಡು ಕುಣಿಯುವುದು ಇಲ್ಲಿ ಬಹಳ ಅಪರೂಪ. ಹೆಚ್ಚಿನವರು ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೇ ಸಂಸಾರ ಮಾಡುತ್ತಾರೆ. ‘ಹೌದು ಹೌದು, ನಾನೇ ಹೇಳಿದ್ದೆ, ಮರೆತುಹೋಯ್ತು’ ಎಂದು ನಕ್ಕು ಸಂಭಾಳಿಸುತ್ತಾರೆ. ಆ ನಗುವಿನ ಹಿಂದೆ ಎಷ್ಟು ಭಯ ಇರುತ್ತದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಯಾಕೆ ಹೀಗಾಗುತ್ತದೆ?

ಮಗು ಹುಟ್ಟುವಾಗಲೇ ‘ನಾನು’ ಎಂಬ ಗಟ್ಟಿ ಭಾವನೆ ಹೊತ್ತು ಬರುವುದಿಲ್ಲ. ಅದು ಮೊದಲ ಕೆಲವು ವರ್ಷಗಳಲ್ಲಿ ನಿಧಾನವಾಗಿ ಕೂಡಿಕೊಳ್ಳುತ್ತದೆ. ಆ ವಯಸ್ಸಿನಲ್ಲೇ ಮತ್ತೆ ಮತ್ತೆ ಹಿಂಸೆಯಾದರೆ, ಲೈಂಗಿಕ ದೌರ್ಜನ್ಯವಾದರೆ, ನೋಡಿಕೊಳ್ಳಬೇಕಾದವರೇ ಹೆದರಿಸುವವರಾದರೆ ಮಗು ಎಲ್ಲಿಗೆ ಓಡಬೇಕು? ಬಾಗಿಲು ತೆಗೆದು ಹೊರಗೆ ಹೋಗಲಾರದ ಮಗು ಮನಸ್ಸಿನ ಒಳಗೇ ಓಡಿಹೋಗುತ್ತದೆ. ‘ಇದು ನನಗೆ ಆಗುತ್ತಿಲ್ಲ, ಬೇರೆ ಯಾರಿಗೋ ಆಗುತ್ತಿದೆ’ ಅಂದುಕೊಳ್ಳುತ್ತದೆ. ಆ ‘ಬೇರೆ ಯಾರೋ’ ನೋವನ್ನು ಹೊತ್ತುಕೊಳ್ಳುತ್ತಾಳೆ. ಇನ್ನೊಬ್ಬಳು ಸಿಟ್ಟನ್ನು ಹೊತ್ತುಕೊಳ್ಳುತ್ತಾಳೆ. ಮತ್ತೊಬ್ಬಳು ಏನೂ ಆಗಿಲ್ಲವೆಂಬಂತೆ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಹೀಗೆ ಕೆಲಸ ಹಂಚಿಕೊಂಡದ್ದರಿಂದಲೇ ಆ ಮಗು ಬದುಕಿತು.

ಇದನ್ನು ಇನ್ನೊಮ್ಮೆ ಓದಿ ಗೆಳತಿಯರೇ. ಒಳಗಿರುವ ಆ ‘ಅವಳು’ ಶತ್ರುವಲ್ಲ, ದೆವ್ವವೂ ಅಲ್ಲ. ಒಂದು ಕಾಲಕ್ಕೆ ಮಗುವನ್ನು ಕಾಪಾಡಿದವಳು. ಅಪಾಯ ಮುಗಿದು ಎಷ್ಟೋ ವರ್ಷವಾಗಿದ್ದರೂ ಆ ಸುದ್ದಿ ಅವಳಿಗೆ ಇನ್ನೂ ತಲುಪಿಲ್ಲ. ಹಾಗಾಗಿ ಇನ್ನೂ ಕಾವಲು ಕಾಯುತ್ತಿದ್ದಾಳೆ.

ಕೆ.ಜಿ.ಎಫ್.ನವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಿನ್ನದ ಗಣಿ ನಮ್ಮದು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಒತ್ತಡ ಹೆಚ್ಚಾಗಿ ಅದು ಹಠಾತ್ತನೆ ಸಿಡಿಯುತ್ತಿತ್ತು. ‘ರಾಕ್ ಬರ್ಸ್ಟ್’ ಅನ್ನುತ್ತಿದ್ದರು. ಮೇಲೆ ಅಡುಗೆಮನೆಯ ಪಾತ್ರೆಗಳು ಅಲ್ಲಾಡುತ್ತಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಮೇಲೆ ನೀರು ಹೊರಗೆ ಹಾಕುವುದೂ ನಿಂತು ಸುರಂಗಗಳಲ್ಲಿ ನೀರು ತುಂಬಿತು. ಗಣಿ ಮುಚ್ಚಿದ ಮೇಲೂ ಅಲ್ಲಿ ನೆಲ ನಡುಗಿದ್ದುಂಟು. ಬಾಲ್ಯದ ನೋವೂ ಹಾಗೆಯೇ. ಬಾಯಿ ಮುಚ್ಚಿಬಿಟ್ಟರೆ ಒಳಗಿರುವುದು ಇಲ್ಲವಾಗುವುದಿಲ್ಲ. ಯಾವತ್ತೋ ಒಂದು ವಾಸನೆ, ಒಂದು ದನಿ, ಬಾಗಿಲು ಬಡಿದ ಸದ್ದು ಸಾಕು, ನೆಲ ನಡುಗುತ್ತದೆ.

ದೇವರು ಬರುವುದೂ ಇದೇನಾ?

ಈ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದೇ ಬಂದಿರುತ್ತದೆ. ನಮ್ಮ ಕೋಲಾರ ಸೀಮೆಯಲ್ಲಿ ಕರಗ ಇದೆ, ಗಂಗಮ್ಮನ ಜಾತ್ರೆ ಇದೆ, ಮಾರಿಯಮ್ಮನ ಪೂಜೆ ಇದೆ. ಹಬ್ಬದ ದಿನ ಒಬ್ಬರ ಮೈಮೇಲೆ ದೇವರು ಬಂದು, ಆರತಿ ಆದ ಮೇಲೆ ಇಳಿದು, ಅವರು ಮಾಮೂಲಿನಂತೆ ಊಟ ಮಾಡಿ ಮನೆಗೆ ಹೋದರೆ ಅದನ್ನು ಯಾವ ವೈದ್ಯರೂ ಕಾಯಿಲೆ ಅನ್ನುವುದಿಲ್ಲ. ಸಮುದಾಯ ಒಪ್ಪಿಕೊಂಡ ಆಚರಣೆಯನ್ನು ರೋಗವೆಂದು ಎಣಿಸಬಾರದು ಎಂದು ವೈದ್ಯರ ಪುಸ್ತಕದಲ್ಲೇ ಇದೆ.

ಆದರೆ ಕರೆಯದೆ, ಬೇಡವೆಂದರೂ, ಮತ್ತೆ ಮತ್ತೆ ಬಂದು, ಸಂಸಾರವನ್ನೂ ಆರೋಗ್ಯವನ್ನೂ ಕೆಡಿಸುತ್ತಿದ್ದರೆ ಅದು ಬೇರೆ ವಿಷಯ. 2013ರಲ್ಲಿ ಬಂದ ಅಮೆರಿಕದ ವೈದ್ಯರ ಕೈಪಿಡಿ ಡಿಐಡಿ ಕೆಲವು ಸಮಾಜಗಳಲ್ಲಿ ‘ಮೈಮೇಲೆ ಬರುವ’ ರೂಪದಲ್ಲೂ ಕಾಣಿಸಿಕೊಳ್ಳುತ್ತದೆ ಎಂದು ಒಪ್ಪಿಕೊಂಡಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಡಿಐಡಿಗೂ ಮೈಮೇಲೆ ಬರುವ ತೊಂದರೆಗೂ ಬೇರೆ ಬೇರೆ ಹೆಸರುಗಳಿವೆ.

ನಮ್ಮ ದೇಶದಲ್ಲಿ ಡಿಐಡಿ ಎಂದು ವೈದ್ಯರು ಗುರುತಿಸಿದ ಪ್ರಕರಣಗಳು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1999ರಿಂದ 2008ರವರೆಗಿನ ಕಡತಗಳನ್ನು ತೆಗೆದು ನೋಡಿದಾಗ, ಕಳಚಿಕೊಳ್ಳುವ ಕಾಯಿಲೆಗಳಲ್ಲಿ ಹೆಚ್ಚು ಕಂಡಿದ್ದು ಕೈಕಾಲು ಸ್ವಾಧೀನ ತಪ್ಪುವುದು ಮತ್ತು ಮೂರ್ಛೆಯಂಥ ಸೆಳೆತ. ನಮ್ಮ ಹೆಣ್ಣುಮಕ್ಕಳ ನೋವು ಮಾತಾಗಿ ಬರಲು ದಾರಿ ಸಿಗದಾಗ ಮೈಯ ಮೂಲಕ ಬರುತ್ತದೆ ಎಂದು ಇದರಿಂದ ತಿಳಿಯಬಹುದು. ಮೈಮೇಲೆ ದೇವರು ದೆವ್ವ ಬರುವುದರ ಬಗ್ಗೆ ಅಧ್ಯಯನ ಮಾಡಿ, ಸಾಮಾನ್ಯ ಜನರಿಗೆ ತಿಳಿಯುವ ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಪುಸ್ತಕಗಳನ್ನು ಬರೆದವರು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಪುಸ್ತಕ ಒಂದಾದರೂ ಮನೆಯಲ್ಲಿರಲಿ.

ಇನ್ನು ಹೊಡೆದು ಬಡಿದು ದೆವ್ವ ಬಿಡಿಸುವವರ ವಿಷಯ. ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿ ಹೊಗೆ, ಕೂದಲು ಕಟ್ಟಿ ಎಳೆಯುವುದು. ಸ್ವಲ್ಪ ಯೋಚಿಸಿ. ಚಿಕ್ಕಂದಿನಲ್ಲಿ ಹಿಂಸೆ ತಡೆಯಲಾರದೆ ಒಡೆದುಹೋದ ಮನಸ್ಸಿಗೆ ಮತ್ತದೇ ಹಿಂಸೆ ಕೊಟ್ಟರೆ ಅದು ಕೂಡಿಕೊಳ್ಳುತ್ತದೆಯೇ? ಇನ್ನಷ್ಟು ಒಡೆಯುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರಲ್ಲಿ ಮಾಡಿದ ಮೌಢ್ಯ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೇವರಿಗೆ ಹರಕೆ ಹೊತ್ತುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಹರಕೆಯ ಜೊತೆಗೆ ಡಾಕ್ಟರೂ ಇರಲಿ.

ಸಿನಿಮಾದ ವಾಸಿ, ನಿಜದ ವಾಸಿ

‘ಆಪ್ತಮಿತ್ರ’ದ ಕೊನೆ ನೆನಪಿದೆಯಲ್ಲ? ಡಾಕ್ಟರ್ ಪಾತ್ರದ ವಿಷ್ಣುವರ್ಧನ್ ಒಂದು ಉಪಾಯ ಮಾಡುತ್ತಾರೆ. ಬೊಂಬೆ ಇಡುತ್ತಾರೆ, ನಾಗವಲ್ಲಿ ಕತ್ತಿ ಬೀಸುತ್ತಾಳೆ, ಸೇಡು ತೀರಿತೆಂದು ನಂಬಿ ಹೊರಟುಹೋಗುತ್ತಾಳೆ. ಒಂದೇ ರಾತ್ರಿಯಲ್ಲಿ ಗಂಗಾ ಗುಣವಾಗುತ್ತಾಳೆ. ಸಿನಿಮಾಕ್ಕೆ ಅದು ಚೆಂದ. ಆದರೆ ನಿಜ ಜೀವನದಲ್ಲಿ ಯಾರನ್ನೂ ಮೋಸದಿಂದ ಕಳಿಸಲಾಗುವುದಿಲ್ಲ. ಹೋಗಲಿಕ್ಕೆ ಅವಳು ಹೊರಗಿನಿಂದ ಬಂದವಳಲ್ಲವಲ್ಲ!

ಹೊರದೇಶದ ಒಂದು ನಿಜ ಕಥೆ ಕೇಳಿ. ಅಮೆರಿಕದ ಕ್ರಿಸ್ ಸೈಜ್‌ಮೋರ್ ಎಂಬಾಕೆಯ ಕಥೆಯನ್ನು ವೈದ್ಯರು ‘ಈವ್’ ಎಂಬ ಹೆಸರಿಟ್ಟು ಬರೆದರು. 1957ರಲ್ಲಿ ಅದು ಸಿನಿಮಾ ಆಯಿತು, ನಾಯಕಿ ನಟಿಗೆ ಆಸ್ಕರ್ ಪ್ರಶಸ್ತಿಯೂ ಬಂತು. ಸಿನಿಮಾದಲ್ಲಿ ಮೂರು ವ್ಯಕ್ತಿತ್ವ, ಕೊನೆಯಲ್ಲಿ ಎಲ್ಲ ಸರಿ. ಆದರೆ ನಿಜವಾದ ಕ್ರಿಸ್ ಅದಾದ ಮೇಲೂ ಎಷ್ಟೋ ವರ್ಷ ಒದ್ದಾಡಿದರು. ತನ್ನೊಳಗೆ ಇಪ್ಪತ್ತಕ್ಕೂ ಹೆಚ್ಚು ವ್ಯಕ್ತಿತ್ವಗಳಿದ್ದವು ಎಂದು ಹೇಳಿಕೊಂಡರು. 1977ರಲ್ಲಿ ಈವ್ ಎಂದರೆ ನಾನೇ ಎಂದು ತನ್ನದೇ ಹೆಸರಿನಲ್ಲಿ ಪುಸ್ತಕ ತಂದರು. ಆಮೇಲೆ ಚಿತ್ರ ಬರೆಯುತ್ತಾ, ಮನೋರೋಗಿಗಳ ಪರವಾಗಿ ಊರೂರಿಗೆ ಹೋಗಿ ಭಾಷಣ ಮಾಡುತ್ತಾ ತುಂಬು ಜೀವನ ನಡೆಸಿ 2016ರಲ್ಲಿ ತೀರಿಕೊಂಡರು. ನಿಧಾನವಾಗಿ ಆದರೂ ಬದುಕು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಚಿಕಿತ್ಸೆ ಹೇಗಿರುತ್ತದೆ?

ಡಿಐಡಿಗೆಂದೇ ಒಂದು ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಗಾಬರಿ, ನಿದ್ದೆಗೇಡಿಗೆ ವೈದ್ಯರು ಮಾತ್ರೆ ಕೊಡುತ್ತಾರೆ. ಮುಖ್ಯ ಔಷಧ ಮಾತು. ನುರಿತ ಮನೋಚಿಕಿತ್ಸಕರ ಜೊತೆ ತಿಂಗಳುಗಟ್ಟಲೆ, ಹೆಚ್ಚಾಗಿ ವರ್ಷಗಟ್ಟಲೆ ಕೂತು ಆಡುವ ಮಾತು. ಪರಿಣತರು ಇದನ್ನು ಮೂರು ಹಂತವಾಗಿ ಮಾಡುತ್ತಾರೆ.

ಮೊದಲನೇ ಹಂತ, ಸುರಕ್ಷತೆ. ಗಣಿಯಲ್ಲಿ ಆಸರೆ ಕಟ್ಟದೆ ಮುಂದೆ ಅಗೆಯುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ. ಈಗಿನ ಮನೆಯಲ್ಲಿ ಹಿಂಸೆ ಇದೆಯೇ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾಳೆಯೇ, ನಿದ್ದೆ ಊಟ ಸರಿಯಿದೆಯೇ ಎಂಬುದನ್ನು ಮೊದಲು ನೋಡುತ್ತಾರೆ. ಭಯ ಬಂದಾಗ ಸುಧಾರಿಸಿಕೊಳ್ಳುವ ದಾರಿಗಳನ್ನು ಕಲಿಸುತ್ತಾರೆ.

ಎರಡನೇ ಹಂತ, ಹಳೆಯ ನೋವಿನ ಮಾತು. ತಡೆದುಕೊಳ್ಳುವ ಶಕ್ತಿ ಬಂದ ಮೇಲೆ, ಸ್ವಲ್ಪ ಸ್ವಲ್ಪವೇ. ಒಂದೇ ದಿನ ಎಲ್ಲ ಕೆದಕಿದರೆ ಬಂಡೆ ಕುಸಿಯುತ್ತದೆ.

ಮೂರನೇ ಹಂತ, ಕೂಡಿ ಬಾಳುವುದು. ಕೆಲವರಲ್ಲಿ ಒಳಗಿನವರೆಲ್ಲ ಸೇರಿ ಒಬ್ಬಳೇ ಆಗುತ್ತಾಳೆ. ಇನ್ನು ಕೆಲವರಲ್ಲಿ ಅವರು ಹಾಗೇ ಇದ್ದುಕೊಂಡು, ಒಬ್ಬರಿಗೊಬ್ಬರು ತಿಳಿಸಿ, ಹೊಂದಾಣಿಕೆಯಿಂದ ಇರುತ್ತಾರೆ. ಎರಡೂ ಒಳ್ಳೆಯ ಬದುಕೇ. ಒಟ್ಟು ಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ಲವೇ?

ಒಂದು ಎಚ್ಚರಿಕೆಯ ಮಾತು. ಈ ಕಾಯಿಲೆಯ ಬಗ್ಗೆ ವೈದ್ಯರಲ್ಲೇ ಭಿನ್ನಾಭಿಪ್ರಾಯಗಳಿವೆ. ಸಿನಿಮಾ, ಪುಸ್ತಕ, ಚಿಕಿತ್ಸಕರ ಸೂಚನೆಗಳೂ ಕೆಲವರಲ್ಲಿ ಇಂಥ ಲಕ್ಷಣ ಹುಟ್ಟಿಸಬಹುದು ಎಂಬ ವಾದವಿದೆ. 1973ರಲ್ಲಿ ಅಮೆರಿಕದಲ್ಲಿ ಬಂದ ‘ಸಿಬಿಲ್’ ಪುಸ್ತಕದ ಬಗ್ಗೆ ಈಗಲೂ ಜಗಳ ಇದೆ. ಆದ್ದರಿಂದ ಈ ಲೇಖನ ಓದಿ ‘ನನಗೂ ಇದೇ ಇದೆ’ ಎಂದು ತೀರ್ಮಾನ ಮಾಡಬೇಡಿ. ನೆನಪು ತಪ್ಪುವುದಕ್ಕೆ ಮೂರ್ಛೆರೋಗ, ಥೈರಾಯ್ಡ್, ನಿದ್ದೆಗೆಡುವುದು, ತೀವ್ರ ಖಿನ್ನತೆ, ಹೀಗೆ ಬೇರೆ ಕಾರಣಗಳೂ ಇರುತ್ತವೆ. ಒಳಗೆ ದನಿ ಕೇಳಿಸುವುದು ಸ್ಕಿಜೋಫ್ರೇನಿಯಾದಲ್ಲೂ ಉಂಟು. ಬೇರ್ಪಡಿಸಿ ನೋಡುವ ಕೆಲಸ ವೈದ್ಯರದು. ಹಿಪ್ನಾಟಿಸಂ ಮಾಡಿ ಮರೆತ ನೆನಪು ಹೊರತೆಗೆಯುತ್ತೇವೆ ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ.

ನಿಮ್ಮನ್ನು ನೀವು ಒಪ್ಪಿಕೊಳ್ಳುವುದು ಹೇಗೆ?

ವೈದ್ಯರು ಇದೇ ಕಾಯಿಲೆ ಎಂದು ಹೇಳಿದ್ದಾರೆ ಅಂತಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಇರುವುದು ವಾರಕ್ಕೆ ಒಂದು ಗಂಟೆ, ಉಳಿದ ಹೊತ್ತೆಲ್ಲ ಮನೆಯಲ್ಲೇ. ಅಲ್ಲಿ ಏನು ಮಾಡಬಹುದು? ಚಿಕಿತ್ಸಕರ ಜೊತೆ ಮಾತಾಡಿಕೊಂಡು ಇವುಗಳನ್ನು ರೂಢಿ ಮಾಡಿಕೊಳ್ಳಿ.

ಬಯ್ಯುವ ಮುಂಚೆ ಕೇಳಿ. ‘ಥೂ, ಮತ್ತೆ ಬಂದಳು’ ಎಂದು ನಿಮ್ಮನ್ನೇ ನೀವು ಹಳಿದುಕೊಳ್ಳುವ ಬದಲು, ‘ನಿನಗೆ ಯಾವುದರ ಭಯ? ಏನು ಬೇಕಿತ್ತು?’ ಎಂದು ಕೇಳಿ. ಸಿಟ್ಟಿನವಳು ಹೆಚ್ಚಾಗಿ ಕಾವಲುಗಾರಳು. ಬಯ್ಯುವ ದನಿ ಎಷ್ಟೋ ಸಲ ‘ಯಾರನ್ನೂ ನಂಬಬೇಡ, ಮತ್ತೆ ನೋವಾಗುತ್ತೆ’ ಎಂದು ಹೇಳಲು ಬಂದಿರುತ್ತದೆ. ಅವಳ ದಾರಿ ತಪ್ಪಿರಬಹುದು, ಕಾಳಜಿ ಸುಳ್ಳಲ್ಲ.

ಒಂದು ನೋಟ್‌ಬುಕ್ ಇಡಿ. ಫ್ರಿಜ್ ಮೇಲೆಯೋ ದೇವರ ಮನೆಯ ಪಕ್ಕದಲ್ಲೋ, ಒಂದೇ ಜಾಗದಲ್ಲಿ. ಇವತ್ತು ಏನಾಯಿತು, ಯಾರಿಗೆ ಎಷ್ಟು ದುಡ್ಡು ಕೊಟ್ಟೆ, ಮಗುವಿನ ಶಾಲೆಯಲ್ಲಿ ಏನು ಹೇಳಿದರು, ಎಲ್ಲ ಬರೆಯಿರಿ. ಒಳಗಿನ ಯಾರು ಬೇಕಾದರೂ ಅದರಲ್ಲಿ ಬರೆಯಬಹುದು ಎಂದು ಅನುಮತಿ ಕೊಡಿ. ಕೈಬರಹ ಬೇರೆಯಾಗಿದ್ದರೆ ಹರಿದು ಹಾಕಬೇಡಿ. ಅದು ನಿಮಗೇ ಬಂದ ಕಾಗದ.

ಇವತ್ತಿಗೆ ವಾಪಸ್ ಬನ್ನಿ. ಮನಸ್ಸು ಹಳೆಯ ಕಾಲಕ್ಕೆ ಜಾರುತ್ತಿದೆ ಅನ್ನಿಸಿದಾಗ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ತಾರೀಖು, ವಾರ, ಇಸವಿ ಗಟ್ಟಿಯಾಗಿ ಓದಿ. ತಣ್ಣೀರಲ್ಲಿ ಮುಖ ತೊಳೆಯಿರಿ. ಇಂಗಿನ ಡಬ್ಬಿ ತೆಗೆದು ಮೂಸಿ. ಬರಿಗಾಲಲ್ಲಿ ನೆಲದ ತಂಪು ಗಮನಿಸಿ. ಕಾಣುವ ಐದು ವಸ್ತು, ಮುಟ್ಟಲು ಸಿಗುವ ನಾಲ್ಕು, ಕೇಳಿಸುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಎಣಿಸಿ. ‘ನಾನೀಗ ದೊಡ್ಡವಳು, ಇದು ನನ್ನ ಮನೆ, ಬಾಗಿಲ ಚಿಲಕ ನನ್ನ ಕೈಯಲ್ಲಿದೆ’ ಎಂದು ಒಳಗಿನ ಪುಟ್ಟ ಹುಡುಗಿಗೆ ಕೇಳುವಂತೆ ಹೇಳಿ.

ಅವಳ ಆಸೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಳಗಿನ ಚಿಕ್ಕವಳಿಗೆ ಬಣ್ಣ ಹಚ್ಚುವ ಪುಸ್ತಕ ಬೇಕೆನಿಸಿದರೆ ತಂದುಕೊಳ್ಳಿ, ಎಷ್ಟು ಮಹಾ ಖರ್ಚು? ಬಂಗಾರಪೇಟೆಗೆ ಹೋದಾಗ ತಿಳಿನೀರಿನ ಪಾನಿಪುರಿ ಬೇಕೆಂದರೆ ಒಂದು ಪ್ಲೇಟ್ ತಿನ್ನಿ. ಇಡೀ ಮನೆಯವರ ಇಷ್ಟ ನೋಡಿಕೊಂಡು ಅಡುಗೆ ಮಾಡುವ ನಾವು ನಮ್ಮೊಳಗಿನವರನ್ನು ಮಾತ್ರ ಉಪವಾಸ ಕೆಡವುತ್ತೇವಲ್ಲ!

ಆದರೆ ಹೊಣೆ ಬಿಡಬೇಡಿ. ಒಪ್ಪಿಕೊಳ್ಳುವುದು ಅಂದರೆ ‘ಅದು ನಾನಲ್ಲ, ಅವಳು ಮಾಡಿದ್ದು’ ಎಂದು ಕೈತೊಳೆದುಕೊಳ್ಳುವುದಲ್ಲ. ನೆನಪಿರಲಿ ಬಿಡಲಿ, ನಿಮ್ಮ ಬಾಯಿಂದ ಬಂದ ಮಾತಿಗೆ ಮಗು ಅತ್ತಿದ್ದರೆ ಹತ್ತಿರ ಕರೆದು ‘ಅಮ್ಮನದು ತಪ್ಪಾಯ್ತು ಪುಟ್ಟಾ’ ಅನ್ನಿ. ಒಳಗಿನವರೆಲ್ಲರ ಪರವಾಗಿ ಸಾರಿ ಕೇಳುವಷ್ಟು ದೊಡ್ಡವಳಾಗುವುದೇ ಗುಣವಾಗುವ ಗುರುತು.

ಮನೆಯವರು ಏನು ಮಾಡಬೇಕು?

ಈ ಭಾಗವನ್ನು ಗುರುತು ಹಾಕಿ ನಿಮ್ಮ ಯಜಮಾನರಿಗೆ ತೋರಿಸಿ. ‘ನಾಟಕ ಮಾಡ್ತಾಳೆ’ ಎಂಬ ಮಾತು ಬೇಡ. ನೆಂಟರು ಬಂದಾಗ ತಮಾಷೆಗೆ ‘ಆ ಇನ್ನೊಬ್ಬಳನ್ನು ಕರೆಯೇ’ ಎನ್ನುವುದಂತೂ ಬೇಡವೇ ಬೇಡ. ಅವಳು ಬೇರೆ ದನಿಯಲ್ಲಿ ಮಾತಾಡಿದರೆ ಹೆದರದೆ, ರೇಗದೆ, ನಿಧಾನವಾಗಿ ‘ಇದು ನಮ್ಮ ಮನೆ, ನೀನು ಸುರಕ್ಷಿತವಾಗಿದ್ದೀಯ, ನೀರು ಬೇಕಾ?’ ಅನ್ನಿ. ಚಿಕ್ಕಂದಿನಲ್ಲಿ ಏನಾಯಿತು, ಯಾರು ಮಾಡಿದರು ಎಂದು ಪೊಲೀಸರಂತೆ ಕೆದಕಬೇಡಿ. ಅವಳಾಗಿ ಹೇಳಿದರೆ ನಂಬಿ ಕೇಳಿಸಿಕೊಳ್ಳಿ. ಹಿಂದಿನಿಂದ ಬಂದು ಮುಟ್ಟಬೇಡಿ, ಹೆಸರು ಕರೆದು ಹತ್ತಿರ ಬನ್ನಿ. ಎಚ್ಚರ ತಪ್ಪುವ ಲಕ್ಷಣ ಕಂಡ ದಿನ ಗ್ಯಾಸ್ ಒಲೆಯ ಕೆಲಸ, ಗಾಡಿ ಓಡಿಸುವುದು ನೀವು ವಹಿಸಿಕೊಳ್ಳಿ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ‘ಅಮ್ಮನ ಮನಸ್ಸಿಗೆ ಸುಸ್ತಾಗಿದೆ, ಡಾಕ್ಟರ್ ನೋಡ್ತಿದ್ದಾರೆ, ಇದು ನಿನ್ನ ತಪ್ಪಲ್ಲ’ ಎಂದು ಹೇಳಿ. ಮುಚ್ಚಿಟ್ಟರೆ ಮಕ್ಕಳು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು ಎಲ್ಲ ತಾಯಂದಿರಿಗೂ. ನಿಮ್ಮ ಮಗು ಬಂದು ‘ಆ ಅಂಕಲ್ ಹತ್ರ ಹೋಗಲ್ಲ’ ಅಂದರೆ ಗದರಿಸಬೇಡಿ. ಆ ಅಂಕಲ್ ಎಷ್ಟೇ ಹತ್ತಿರದ ನೆಂಟನಾಗಿರಲಿ, ಮೊದಲು ಮಗುವನ್ನು ನಂಬಿ. ಮಕ್ಕಳ ಸಹಾಯವಾಣಿ 1098 ಇದೆ. 2012ರ ಪೋಕ್ಸೊ ಕಾಯ್ದೆ ಇದೆ. ಹೇಳಿಕೊಂಡ ಕೂಡಲೇ ನಂಬಿ ಅಪ್ಪಿಕೊಳ್ಳುವ ಒಬ್ಬರು ಸಿಕ್ಕರೆ ಎಷ್ಟೋ ಮಕ್ಕಳ ಮನಸ್ಸು ಒಡೆಯುವುದು ತಪ್ಪುತ್ತದೆ.

ಎಲ್ಲಿಗೆ ಹೋಗಬೇಕು?

‘ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಾ?’ ಎಂಬ ಪ್ರಶ್ನೆ ಸಹಜ. ಮೊದಲ ಹೆಜ್ಜೆ ಮನೆಯಿಂದಲೇ ಇಡಬಹುದು. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ ಅದು. ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ನಮ್ಮ ರಾಜ್ಯ ಸರ್ಕಾರ ತಂದಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಇನ್ನೂ ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಇದ್ದೇ ಇದೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದರೆ ಸುಮಾರು 70 ಕಿಲೋಮೀಟರ್ ದಾರಿ.

ಸಾಯಬೇಕೆಂಬ ಯೋಚನೆ ಬಂದರೆ, ಕೈ ಕುಯ್ದುಕೊಳ್ಳುವಂತಾದರೆ ಮಂಗಳವಾರಕ್ಕೆ ಕಾಯಬೇಡಿ. ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮನಸ್ಸಿನ ಚಿಕಿತ್ಸೆ ಪಡೆಯುವುದು ನಿಮ್ಮ ಹಕ್ಕು. ನಿಮ್ಮ ಕಾಯಿಲೆಯ ವಿಷಯವನ್ನು ಗುಟ್ಟಾಗಿಡಬೇಕಾದದ್ದು ಆಸ್ಪತ್ರೆಯ ಕರ್ತವ್ಯ.

ನೆನಪಿರಲಿ

* ನೆನಪು ಕಳೆದುಹೋಗುವುದು ಪದೇ ಪದೇ ಆಗುತ್ತಿದ್ದರೆ ತಾರೀಖು ಸಮೇತ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.
* ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.
* ವೈದ್ಯರನ್ನು ಬದಲಾಯಿಸಿದರೆ ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಈ ಕಾಯಿಲೆ ಗುರುತಿಸಲು ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ.
* ನಂಬಿಕೆಯ ಒಬ್ಬ ಗೆಳತಿಗಾದರೂ ವಿಷಯ ತಿಳಿದಿರಲಿ. ಅವಳ ನಂಬರ್ ನೋಟ್‌ಬುಕ್‌ನ ಮೊದಲ ಪುಟದಲ್ಲಿರಲಿ.
* ಒಂದು ವಾರ ಚೆನ್ನಾಗಿದ್ದು ಮತ್ತೆ ಕೆಟ್ಟರೆ ‘ಎಲ್ಲ ಮುಗಿಯಿತು’ ಅಂದುಕೊಳ್ಳಬೇಡಿ. ಗುಣವಾಗುವ ದಾರಿಯಲ್ಲಿ ಏರಿಳಿತ ಇದ್ದದ್ದೇ.

ನಮ್ಮ ಕೆ.ಜಿ.ಎಫ್.ನ ಯಾವ ಬೀದಿಗೆ ಹೋಗಿ ನೋಡಿ. ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತಮಿಳು, ಎದುರಿಗೆ ತೆಲುಗು, ಆಚೆ ಉರ್ದು. ಒಬ್ಬರನ್ನು ಓಡಿಸಿದರೇನೇ ಇನ್ನೊಬ್ಬರು ಬದುಕುವುದು ಎಂದು ಇಲ್ಲಿ ಯಾರೂ ಅಂದುಕೊಳ್ಳಲಿಲ್ಲ. ನಲ್ಲಿ ನೀರಿಗೆ ಜಗಳ ಆಡಿದರೂ ಹಬ್ಬಕ್ಕೆ ತಟ್ಟೆ ಕಳಿಸುವುದು ಬಿಡಲಿಲ್ಲ. ಮನಸ್ಸಿನ ಒಳಗೂ ಅಂಥದೇ ಒಂದು ಬೀದಿ ಕಟ್ಟಿಕೊಳ್ಳಲು ಸಾಧ್ಯವಿದೆ. ಅಲ್ಲಿ ಅಳುವ ಹುಡುಗಿಗೂ ಜಾಗವಿರಲಿ, ಸಿಟ್ಟಿನವಳಿಗೂ ಜಾಗವಿರಲಿ. ಎಲ್ಲರನ್ನೂ ಹೊತ್ತುಕೊಂಡು ದಿನಾ ಬೆಳಿಗ್ಗೆ ಎದ್ದು ಹಾಲು ಕಾಯಿಸುವವಳು ನೀವು. ನಿಮಗೆ ನೀವೇ ಆಪ್ತಮಿತ್ರೆಯಾಗಲು ಇವತ್ತಿನಿಂದಲೇ ಶುರು ಮಾಡಿ, ಏನಂತೀರಿ?